ಊರೆಲ್ಲ ಒಪ್ಪಿದೆ ಅಂದರೆ ಯಾರು ಒಪ್ಪಿದ ಹಾಗೆ?

(ಧಾರವಾಡದಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ ಪ್ರಜಾಪ್ರಭುತ್ವದಲ್ಲಿ ಸಮುದಾಯ ಮತ್ತು ವ್ಯಕ್ತಿ. ಇಂಥ ವಿಷಯ ಸಿಕ್ಕರೆ ಭಾಷಣಕಾರರು ಗ್ರೀಸ್ ದೇಶದಿಂದ ಶುರು ಮಾಡುತ್ತಾರೆ. ನಾನು ಗ್ರಾಮ ಪಂಚಾಯಿತಿಯಿಂದ ಶುರು ಮಾಡುತ್ತೇನೆ. ಅಲ್ಲಿಂದ ಗ್ರೀಸಿಗೆ ಹೋಗುವಷ್ಟು ಹೊತ್ತು ನಮ್ಮ ಹತ್ತಿರ ಇಲ್ಲ.

2020ರ ಡಿಸೆಂಬರ್ 22 ಮತ್ತು 27ರಂದು ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಆಗ ಪತ್ರಿಕೆಗಳಲ್ಲಿ ಒಂದು ಸುದ್ದಿ ಮತ್ತೆ ಮತ್ತೆ ಬರುತ್ತಿತ್ತು. ಕೆಲವು ಊರುಗಳಲ್ಲಿ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ್ದರು. ಗುಡಿಯ ಮುಂದೆ ಜನ ಸೇರುತ್ತಾರೆ. ಒಂದೊಂದೇ ಸ್ಥಾನ ಕೂಗುತ್ತಾರೆ. ಯಾರು ಜಾಸ್ತಿ ಕೂಗಿದರೋ ಸ್ಥಾನ ಅವರಿಗೆ. ಬೇರೆ ಯಾರೂ ನಾಮಪತ್ರ ಹಾಕುವುದಿಲ್ಲ, ಹಾಕಿದ್ದರೆ ವಾಪಸ್ ತೆಗೆದುಕೊಳ್ಳುತ್ತಾರೆ. ಕಣದಲ್ಲಿ ಒಬ್ಬರೇ ಉಳಿದರೆ ಮತದಾನ ಬೇಕಾಗುವುದೇ ಇಲ್ಲ. ಅವಿರೋಧ ಆಯ್ಕೆ. ಹರಾಜಿನ ದುಡ್ಡು ಗುಡಿ ಕಟ್ಟೋದಕ್ಕೆ, ಜಾತ್ರೆಗೆ.

ಇದನ್ನು ಸುಮ್ನೆ ಭ್ರಷ್ಟಾಚಾರ ಅಂತ ಪಕ್ಕಕ್ಕಿಡಬೇಡಿ. ಹರಾಜು ಹಾಕಿದವರ ಮಾತನ್ನೂ ಕೇಳೋಣ. ಚುನಾವಣೆ ಬಂದರೆ ಅಣ್ಣತಮ್ಮಂದಿರೇ ಹೊಡೆದಾಡುತ್ತಾರೆ. ಹೆಂಡ ಹರಿಯುತ್ತೆ. ಆಮೇಲೆ ಐದು ವರ್ಷ ಮುಖ ನೋಡೋದಿಲ್ಲ. ಅದರ ಬದಲು ದುಡ್ಡು ದೇವರ ಕೆಲಸಕ್ಕಾದರೂ ಹೋಗಲಿ, ಊರು ಒಂದಾಗಿರಲಿ. ಇದು ಕೆಟ್ಟ ಮನಸ್ಸಿನವರ ಮಾತಿನ ಹಾಗೆ ಕೇಳಿಸುವುದಿಲ್ಲ. ಊರಿನ ಒಳಿತು, ಒಗ್ಗಟ್ಟು, ತ್ಯಾಗ, ನಾವು ಶಾಲೆಯಲ್ಲಿ ಕಲಿತ ಒಳ್ಳೆಯ ಮಾತೆಲ್ಲ ಅದರಲ್ಲಿದೆ. ರಾಜ್ಯ ಚುನಾವಣಾ ಆಯೋಗ ಇದು ಅಪರಾಧ, ಕ್ರಮ ತೆಗೆದುಕೊಳ್ಳುತ್ತೇವೆ ಎಂದು ಎಚ್ಚರಿಸಿದರೆ, ನಮ್ಮ ಊರಿನ ವಿಷಯ ನಿಮಗ್ಯಾಕೆ ಅನ್ನುತ್ತಾರೆ.

ಈಗ ಆ ಗುಂಪಿನ ಹಿಂದಿನ ಸಾಲಿನಲ್ಲಿ ಒಬ್ಬಳು ನಿಂತಿದ್ದಾಳೆ ಅಂದುಕೊಳ್ಳಿ. ಅವಳಿಗೆ ಚುನಾವಣೆಗೆ ನಿಲ್ಲಬೇಕು. ದುಡ್ಡಿಲ್ಲ. ಗೆಲ್ಲುತ್ತಾಳೋ ಇಲ್ಲವೋ, ಅದು ಬೇರೆ ಮಾತು. ಅವಳು ಬಾಯಿ ಬಿಟ್ಟು "ನಾನೂ ನಾಮಪತ್ರ ಹಾಕ್ತೀನಿ" ಅಂದರೆ ಏನಾಗುತ್ತೆ? ಊರಿನ ಒಗ್ಗಟ್ಟು ಮುರಿದವಳು ಅವಳು. ದೇವರ ದುಡ್ಡಿಗೆ ಅಡ್ಡ ಬಂದವಳು ಅವಳು. ನಾಳೆ ಅವಳ ಮನೆಯವರು ಕೂಲಿಗೆ ಹೋಗಬೇಕಾದದ್ದು ಅದೇ ಹರಾಜು ಕೂಗಿದವನ ಹೊಲಕ್ಕೆ. ಹಾಗಾಗಿ ಸುಮ್ಮನಿರುತ್ತಾಳೆ. ಆಮೇಲೆ ನಾವು "ಊರೆಲ್ಲ ಒಪ್ಪಿದೆ" ಅಂತೇವೆ. ಬೇಡ ಅನ್ನುವುದಕ್ಕೆ ಧೈರ್ಯ ಸಾಲದ ಕಡೆ, ಹೂಂ ಅಂದದ್ದನ್ನು ಒಪ್ಪಿಗೆ ಅಂತ ಲೆಕ್ಕ ಹಾಕಬಹುದಾ? ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಸಂವಿಧಾನ ಸಭೆಯಲ್ಲೂ ಈ ಜಗಳ ನಡೆದಿತ್ತು. 1948ರ ನವೆಂಬರ್ 4ರಂದು ಡಾ. ಅಂಬೇಡ್ಕರ್ ಕರಡು ಸಂವಿಧಾನ ಮಂಡಿಸಿದರು. ಹಳ್ಳಿಯೇ ಭಾರತದ ಬುನಾದಿ, ಸಂವಿಧಾನವನ್ನು ಹಳ್ಳಿಯ ಮೇಲೆ ಕಟ್ಟಬೇಕಿತ್ತು ಎಂದು ಹಲವರು ವಾದಿಸುತ್ತಿದ್ದ ಕಾಲ ಅದು. ಅಂಬೇಡ್ಕರ್ ಮುಲಾಜಿಲ್ಲದೆ ಹೇಳಿದರು. ಹಳ್ಳಿ ಅಂದರೆ ಸಂಕುಚಿತ ಬುದ್ಧಿಯ, ಅಜ್ಞಾನದ, ಕೋಮು ಭಾವನೆಯ ಗೂಡು. ಕರಡು ಸಂವಿಧಾನ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ತನ್ನ ಘಟಕ ಮಾಡಿಕೊಂಡಿದೆ, ಅದು ನನಗೆ ಸಂತೋಷ ಎಂದರು.

ಸಭೆಯಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ಮರುದಿನ ಎದ್ದು ನಿಂತು ವಿರೋಧಿಸಿದವರಲ್ಲಿ ಎಚ್.ವಿ. ಕಾಮತ್ ಒಬ್ಬರು. ಮಂಗಳೂರಿನಲ್ಲಿ ಹುಟ್ಟಿದವರು, ಐಸಿಎಸ್ ಅಂದರೆ ಬ್ರಿಟಿಷರ ಕಾಲದ ದೊಡ್ಡ ಸರ್ಕಾರಿ ನೌಕರಿ ಬಿಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಬಂದವರು. ಹಳ್ಳಿಯ ಬಗ್ಗೆ ಹೀಗೆ ಮಾತಾಡೋದು ಪಟ್ಟಣದ ಬುದ್ಧಿವಂತರ ಧೋರಣೆ ಎಂದು ಅವರು ಚುಚ್ಚಿದರು. ಅದೇ ತಿಂಗಳು 22ರಂದು ಕೆ. ಸಂತಾನಂ ತಿದ್ದುಪಡಿ ತಂದರು. ಗ್ರಾಮ ಪಂಚಾಯಿತಿಗಳನ್ನು ಕಟ್ಟಬೇಕು ಎಂಬ 40ನೇ ವಿಧಿ ಹೀಗೆ ಒಳಗೆ ಬಂತು. ಅಂಬೇಡ್ಕರ್ ಅದನ್ನು ಒಪ್ಪಿಕೊಂಡರು.

ಯಾರು ಗೆದ್ದರು? ನನ್ನ ಲೆಕ್ಕದಲ್ಲಿ ಇಬ್ಬರೂ. ಪಂಚಾಯಿತಿ ಬಂತು, ಆದರೆ ಒಬ್ಬೊಬ್ಬರ ಓಟಿನ ಮೇಲೆ ನಿಂತು ಬಂತು. ನಮ್ಮ ಊರುಗಳಲ್ಲಿ ಇವತ್ತು ಎರಡು ಪಂಚಾಯಿತಿ ಇವೆ. ಒಂದು ಕಟ್ಟೆ ಪಂಚಾಯಿತಿ. ಅಲ್ಲಿ ಕೂರುವವರು ಯಾರು ಅಂತ ನಿಮಗೇ ಗೊತ್ತು. ಹೆಂಗಸರು ಇಲ್ಲ, ದಲಿತರು ಇದ್ದರೂ ಕೆಳಗೆ ನಿಂತಿರುತ್ತಾರೆ. ಇನ್ನೊಂದು ಚುನಾಯಿತ ಪಂಚಾಯಿತಿ. ಅಲ್ಲಿ ಮೀಸಲಾತಿ ಇದೆ, ಹಾಜರಿ ಪುಸ್ತಕ ಇದೆ, ನಡಾವಳಿ ಬರೆಯಬೇಕು, ಆಡಿಟ್ ಇದೆ. 1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ತಂದ ಕಾನೂನು ಹೆಣ್ಣುಮಕ್ಕಳಿಗೆ ಶೇಕಡಾ 25 ಸ್ಥಾನ ಇಟ್ಟಿತು. ಪಂಚಾಯಿತಿಗಳಿಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿ ಇಡೀ ದೇಶಕ್ಕೆ ಬಂದದ್ದು ಅದಾದ ಹತ್ತು ವರ್ಷಕ್ಕೆ. ಎರಡು ಪಂಚಾಯಿತಿಗಳೂ ಊರಿನ ಹೆಸರಲ್ಲೇ ಮಾತಾಡುತ್ತವೆ. ಆದರೆ ಎರಡನೆಯದರಲ್ಲಿ ಒಬ್ಬ ಸದಸ್ಯೆ "ನನ್ನ ವಿರೋಧವನ್ನು ದಾಖಲು ಮಾಡಿ" ಅಂತ ಕೇಳಬಹುದು. ಕಟ್ಟೆಯ ಮೇಲೆ ಹಾಗೆ ಕೇಳಿ ನೋಡಿ.

ಕೇಳಿದರೆ ಏನಾಗುತ್ತೆ? ಬಹಿಷ್ಕಾರ.

ಬಹಿಷ್ಕಾರ ಅನ್ನೋದು ಕಾಗದದ ಮೇಲೆ ಇರೋದಿಲ್ಲ. ಡಂಗುರ ಹೊಡೆದರೂ ಹೊಡೆಯಬಹುದು, ಇಲ್ಲದಿದ್ದರೆ ಬಾಯಿಂದ ಬಾಯಿಗೆ. ಬೆಳಿಗ್ಗೆ ಮಗು ಅಂಗಡಿಗೆ ಹೋದರೆ ಅಂಗಡಿಯವನು ಸಕ್ಕರೆ ಇಲ್ಲ ಅಂತಾನೆ. ಸಕ್ಕರೆ ಡಬ್ಬಿ ಕಣ್ಣ ಮುಂದೇ ಇರುತ್ತೆ. ಹಿಟ್ಟಿನ ಗಿರಣಿಯವನು ಕರೆಂಟಿಲ್ಲ ಅಂತಾನೆ. ಕಟಿಂಗ್ ಅಂಗಡಿಯಲ್ಲಿ ಕುರ್ಚಿ ಖಾಲಿ ಇದ್ದರೂ "ಆಮ್ಯಾಲೆ ಬಾ". ಟಂಟಂ ಗಾಡಿಯವನು ನಿಲ್ಲಿಸೋದಿಲ್ಲ. ಬಿತ್ತನೆ ಹೊತ್ತಿಗೆ ಟ್ರ್ಯಾಕ್ಟರ್ ಬಾಡಿಗೆಗೆ ಸಿಗೋದಿಲ್ಲ. ಅವರ ಜೊತೆ ಮಾತಾಡಿದವರಿಗೂ ದಂಡ. ಮನೆಯಲ್ಲಿ ಸಾವಾದರೆ ಹೆಗಲು ಕೊಡುವವರಿಲ್ಲ. ಕೊನೆಗೆ ದಂಡ ಕಟ್ಟಿ, ಹಿರಿಯರ ಕಾಲಿಗೆ ಬಿದ್ದು "ತಪ್ಪಾಯ್ತು" ಅಂದರೆ ಊರೊಳಗೆ. ನಮ್ಮ ಜಿಲ್ಲಾ ಪುರವಣಿಗಳನ್ನು ಓದುವವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಇಲ್ಲಿ ಒಂದು ಹಳೆಯ ವರದಿಯ ಮಾತು ಹೇಳಬೇಕು. ಧಾರವಾಡದವರಿಗೆ ಅದು ದೂರದ್ದಲ್ಲ. 1928ರಲ್ಲಿ ಬಾಂಬೆ ಸರ್ಕಾರ ದಲಿತರ ಮತ್ತು ಆದಿವಾಸಿಗಳ ಸ್ಥಿತಿ ನೋಡಲು ಒಂದು ಸಮಿತಿ ಮಾಡಿತು. ಆಗ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲ ಬಾಂಬೆ ಪ್ರಾಂತ್ಯದೊಳಗೇ ಇದ್ದವು. ಅಧ್ಯಕ್ಷರು ಸ್ಟಾರ್ಟ್ ಎಂಬ ಅಧಿಕಾರಿ. ಸದಸ್ಯರಲ್ಲಿ ಅಂಬೇಡ್ಕರ್ ಇದ್ದರು, ಆದಿವಾಸಿಗಳ ನಡುವೆ ಕೆಲಸ ಮಾಡಿದ ಗಾಂಧಿವಾದಿ ಠಕ್ಕರ್ ಬಾಪಾ ಇದ್ದರು. ದಲಿತರನ್ನು ತುಳಿಯಲು ಸಾಮಾಜಿಕ ಬಹಿಷ್ಕಾರಕ್ಕಿಂತ ಪರಿಣಾಮಕಾರಿ ಆಯುಧ ನಮಗೆ ಗೊತ್ತಿಲ್ಲ, ನೇರ ಹೊಡೆತ ಬಡಿತವೂ ಇದರ ಮುಂದೆ ಸಪ್ಪೆ ಎಂದು ಸಮಿತಿ ಬರೆಯಿತು. ಕಾರಣಗಳನ್ನೂ ಕೊಟ್ಟಿತು. ಸಾರ್ವಜನಿಕ ಬಾವಿ ಮುಟ್ಟಿದ್ದು ಮಾತ್ರ ಅಲ್ಲ. ಜನಿವಾರ ಹಾಕಿಕೊಂಡ, ತುಂಡು ಜಮೀನು ಕೊಂಡ, ಒಳ್ಳೆ ಬಟ್ಟೆ ಹಾಕಿದ, ಮದುವೆಯ ಗಂಡನ್ನು ಕುದುರೆ ಮೇಲೆ ಕೂರಿಸಿ ಬೀದಿಯಲ್ಲಿ ಕರೆದೊಯ್ದ. ಇಷ್ಟಕ್ಕೇ ಬಹಿಷ್ಕಾರ.

ಅದೇ ಕಡೆ ಸಮಿತಿ ಇನ್ನೊಂದು ಮಾತು ಹೇಳುತ್ತದೆ. ನನ್ನನ್ನು ಬಹಳ ಕಾಡಿದ್ದು ಅದು. ಬಹಿಷ್ಕಾರ ಜಾಸ್ತಿ ಅಪಾಯಕಾರಿ ಯಾಕೆ ಅಂದರೆ ಅದು ಕಾನೂನುಬದ್ಧವಾಗಿಯೇ ಕಾಣುತ್ತದೆ, ಯಾರ ಜೊತೆ ವ್ಯವಹಾರ ಇಟ್ಟುಕೊಳ್ಳಬೇಕು ಅನ್ನೋದು ಅವರವರ ಸ್ವಾತಂತ್ರ್ಯ ಎಂಬ ತತ್ವಕ್ಕೆ ಸರಿಹೊಂದುತ್ತದೆ. ಸ್ವಲ್ಪ ನಿಂತು ಯೋಚನೆ ಮಾಡಿ. ಅಂಗಡಿಯವನಿಗೆ ತನ್ನ ಸಕ್ಕರೆ ಮಾರದಿರುವ ಹಕ್ಕಿಲ್ಲವೇ? ಟ್ರ್ಯಾಕ್ಟರ್ ಅವನದು, ಬಾಡಿಗೆಗೆ ಕೊಡೋದಿಲ್ಲ ಅಂದರೆ ಕೇಳೋಕೆ ನೀವ್ಯಾರು? ಒಬ್ಬೊಬ್ಬರನ್ನೇ ಬಿಡಿಸಿ ನೋಡಿದರೆ ಪ್ರತಿಯೊಬ್ಬರೂ ತಮ್ಮ ವೈಯಕ್ತಿಕ ಹಕ್ಕನ್ನೇ ಚಲಾಯಿಸುತ್ತಿದ್ದಾರೆ. ಕೂಡಿಸಿ ನೋಡಿದರೆ ಒಂದು ಕುಟುಂಬಕ್ಕೆ ಹಿಟ್ಟಿಲ್ಲ. ಹಾಗಾಗಿ ಸಮುದಾಯ ಒಂದು ಕಡೆ, ವ್ಯಕ್ತಿಯ ಹಕ್ಕು ಇನ್ನೊಂದು ಕಡೆ ಎಂಬ ಜೋಡಣೆ ನನಗೆ ಅಷ್ಟು ಸರಿ ಕಾಣೋದಿಲ್ಲ. ಗುಂಪು ತನಗೆ ಬೇಕಾದಾಗ ವ್ಯಕ್ತಿಯ ಹಕ್ಕಿನ ಅಂಗಿ ತೊಟ್ಟುಕೊಂಡೇ ಬರುತ್ತದೆ.

ಅಂಬೇಡ್ಕರ್ ಈ ವರದಿಯ ಮಾತನ್ನು ದುಂಡುಮೇಜಿನ ಪರಿಷತ್ತಿಗೆ ಒಯ್ದರು. ಬಹಿಷ್ಕಾರವನ್ನು ಶಿಕ್ಷಾರ್ಹ ಅಪರಾಧ ಮಾಡಿ ಎಂದು ಕೇಳಿದರು. ಅದಕ್ಕೆ ಮಾದರಿಯಾಗಿ 1922ರ ಬರ್ಮಾದ ಬಹಿಷ್ಕಾರ ವಿರೋಧಿ ಕಾಯಿದೆಯ ಕಲಂಗಳನ್ನೇ ಮುಂದಿಟ್ಟರು. ಅಂದರೆ ಒಬ್ಬ ಮನುಷ್ಯನ ಹಕ್ಕು ಉಳಿಯಬೇಕಾದರೆ ಅಂಗಡಿಯವನ ಹಕ್ಕಿಗೆ ಒಂದು ಮಿತಿ ಹಾಕಲೇಬೇಕು ಅನ್ನೋದು ಅವರಿಗೆ ಆಗಲೇ ಸ್ಪಷ್ಟ ಇತ್ತು.

ಸ್ಟಾರ್ಟ್ ಸಾಹೇಬರ ಬಗ್ಗೆ ಒಂದು ಮಾತು ಬಿಟ್ಟು ಮುಂದೆ ಹೋದರೆ ಅನ್ಯಾಯ ಆದೀತು. ಬಹಿಷ್ಕಾರದ ವಿರುದ್ಧ ಇಷ್ಟು ಚೆನ್ನಾಗಿ ಬರೆದ ಸಮಿತಿಯ ಅಧ್ಯಕ್ಷರ ಮುಖ್ಯ ಕೆಲಸ ಏನಾಗಿತ್ತು ಗೊತ್ತಾ? ಅಪರಾಧಿ ಬುಡಕಟ್ಟುಗಳು ಎಂದು ಹಣೆಪಟ್ಟಿ ಹಚ್ಚಿದ ಜನರನ್ನು ಕೂಡಿಹಾಕಿದ ಸೆಟ್ಲಮೆಂಟುಗಳ ಉಸ್ತುವಾರಿ. ಹುಬ್ಬಳ್ಳಿಯಲ್ಲಿ ಇವತ್ತಿಗೂ ಸೆಟ್ಲಮೆಂಟ್ ಅನ್ನೋ ಬಡಾವಣೆ ಇದೆ, ನಿಮ್ಮಲ್ಲಿ ಕೆಲವರು ಅಲ್ಲಿಂದಲೇ ಬಂದಿರಬಹುದು. ಅಲ್ಲಿ ಇದ್ದವರು ಹಾಜರಿ ಕೊಡಬೇಕು, ಹೊರಗೆ ಹೋಗಲು ಪಾಸು ಬೇಕು. ಯಾರೂ ಕದ್ದದ್ದನ್ನು ಸಾಬೀತು ಮಾಡಬೇಕಿರಲಿಲ್ಲ. ಆ ಗುಂಪಿನಲ್ಲಿ ಹುಟ್ಟಿದ್ದೇ ಸಾಕು. 1871ರಲ್ಲಿ ಶುರುವಾದ ಆ ಕಾನೂನು ರದ್ದಾದದ್ದು 1952ರ ಆಗಸ್ಟ್‌ನಲ್ಲಿ. ಊರು ಒಬ್ಬನನ್ನು ಹೊರಗೆ ಹಾಕುವುದು ತಪ್ಪು ಎಂದು ಕಂಡ ಕಣ್ಣಿಗೆ ಸರ್ಕಾರ ಒಂದು ಕುಲವನ್ನೇ ಒಳಗೆ ಹಾಕಿದ್ದು ತಪ್ಪಾಗಿ ಕಾಣಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಬಾಂಬೆ ರಾಜ್ಯ ಬಹಿಷ್ಕಾರ ತಡೆ ಕಾಯಿದೆ ಮಾಡಿತು. ಯಾವ ಜಾತಿ, ಪಂಗಡವೂ ತನ್ನ ಸದಸ್ಯರನ್ನು ಹೊರಗೆ ಹಾಕುವಂತಿಲ್ಲ. ಮುಸ್ಲಿಮರಲ್ಲೇ ಒಂದು ಪಂಗಡವಾದ ದಾವೂದಿ ಬೋಹ್ರಾ ಸಮುದಾಯದ ಧರ್ಮಗುರು ಸೈಯದ್ನಾ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಮಾಡಿದರು. 1962ರ ಜನವರಿಯಲ್ಲಿ ನಾಲ್ವರು ನ್ಯಾಯಮೂರ್ತಿಗಳು ಅವರ ಪರವಾಗಿ ತೀರ್ಪು ಕೊಟ್ಟರು. ಶಿಸ್ತಿಗಾಗಿ ಹೊರಗೆ ಹಾಕುವುದು ಧಾರ್ಮಿಕ ಪಂಗಡಕ್ಕೆ 26ನೇ ವಿಧಿ ಕೊಟ್ಟ ಹಕ್ಕು, ಕಾಯಿದೆ ಅಸಿಂಧು. ಒಪ್ಪದವರು ಒಬ್ಬರೇ, ಮುಖ್ಯ ನ್ಯಾಯಮೂರ್ತಿ ಬಿ.ಪಿ. ಸಿನ್ಹಾ. ಹೊರಗೆ ಹಾಕಿಸಿಕೊಂಡವನ ಪಾಡು ಅಸ್ಪೃಶ್ಯನ ಪಾಡೇ, ಹಾಗಾಗಿ ಈ ಕಾಯಿದೆ ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನದ 17ನೇ ವಿಧಿಯ ಆಶಯಕ್ಕೆ ತಕ್ಕದ್ದೇ ಎಂದು ಅವರು ಬರೆದರು. ನನ್ನ ಓಟು ಸಿನ್ಹಾ ಅವರಿಗೆ. ಮಸೀದಿ ಹೋಯಿತು, ಸ್ಮಶಾನ ಹೋಯಿತು, ಬಂಧು ಬಳಗ ಹೋಯಿತು ಅಂದರೆ ಅದನ್ನು ಶಿಸ್ತು ಅಂತ ಕರೆಯೋಕೆ ನನಗೆ ಮನಸ್ಸು ಬರೋದಿಲ್ಲ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೇ ಆ ತೀರ್ಪನ್ನು ಮತ್ತೆ ನೋಡಬೇಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಕಳಿಸಿತು. ಅಷ್ಟರಲ್ಲಿ ಮಹಾರಾಷ್ಟ್ರ 2016ರಲ್ಲಿ ಹೊಸ ಕಾನೂನು ಮಾಡಿಕೊಂಡಿತ್ತು, ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಅದರ ಹಿಂದೆ ಮೂಢನಂಬಿಕೆ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರ್ ಕಟ್ಟಿದ ಸಂಘಟನೆಯವರ ಹೋರಾಟ ಇತ್ತು.

ಇಷ್ಟು ಹೇಳಿದ ಮೇಲೆ ನೀವು ಕೇಳಬಹುದು, ಹಾಗಾದರೆ ಗುಂಪೇ ಬೇಡವಾ? ಪ್ರತಿಯೊಬ್ಬರೂ ಬಾಗಿಲು ಹಾಕಿಕೊಂಡು ನನ್ನ ಹಕ್ಕು ನನ್ನ ಹಕ್ಕು ಅಂತ ಕೂರೋದಾ? ಖಂಡಿತ ಅಲ್ಲ. 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡದಲ್ಲಿ, ದಲಿತರಿಗೆ ಬಿಡದಿದ್ದ ಚವದಾರ ಕೆರೆಯ ನೀರು ಮುಟ್ಟಲು ಅಂಬೇಡ್ಕರ್ ಒಬ್ಬರೇ ಹೋಗಲಿಲ್ಲ. ಸಾವಿರಾರು ಜನ ಜೊತೆಗೆ ನಡೆದರು. ಅಲ್ಲಿ ಕೇಳಿದ ಹಕ್ಕು ಒಬ್ಬೊಬ್ಬರ ಬಾಯಾರಿಕೆಯದು, ಕೇಳಿದ ದನಿ ಗುಂಪಿನದು. ಬೀಡಿ ಕಟ್ಟುವ ಹೆಣ್ಣುಮಗಳು ಒಬ್ಬಳೇ ಹೋಗಿ ಮಜೂರಿ ಜಾಸ್ತಿ ಮಾಡಿ ಅಂದರೆ ನಾಳೆಯಿಂದ ಬರಬೇಡ ಅಂತಾರೆ, ಯೂನಿಯನ್ ಹೋದರೆ ಕುರ್ಚಿ ಹಾಕಿ ಕೂರಿಸುತ್ತಾರೆ. ಮೀಸಲಾತಿಯೂ ಹಾಗೇ. ಗುಂಪಿನ ಲೆಕ್ಕದಲ್ಲಿ ಕೊಟ್ಟದ್ದು, ಪಂಚಾಯಿತಿ ಕುರ್ಚಿಯ ಮೇಲೆ ಕೂತವಳು ಒಬ್ಬ ಹೆಂಗಸು.

ನಮ್ಮ ಕಡೆಯ ಹಳೆಯ ಉದಾಹರಣೆ ಬೇಕಾದರೆ ಶರಣರನ್ನು ನೋಡಿ. ಹನ್ನೆರಡನೇ ಶತಮಾನದಲ್ಲಿ ಅಷ್ಟು ಗಟ್ಟಿಯಾದ ಗುಂಪು ಇನ್ನೊಂದಿರಲಿಲ್ಲ. ಆದರೂ ವಚನದ ಕೊನೆಗೆ ಸಹಿಯ ಹಾಗೆ ಪ್ರತಿಯೊಬ್ಬರಿಗೂ ಅವರದೇ ಅಂಕಿತ. ಗಂಡನಿಗೆ ಒಂದು, ಹೆಂಡತಿಗೆ ಇನ್ನೊಂದು. ಆಯ್ದಕ್ಕಿ ಮಾರಯ್ಯ ಜಾಸ್ತಿ ಅಕ್ಕಿ ತಂದಾಗ ವಾಪಸ್ ಸುರಿದು ಬನ್ನಿ ಅಂತ ಗದರಿದವಳು ಹೆಂಡತಿ ಲಕ್ಕಮ್ಮ. ಆಕೆಯನ್ನು ಯಾರೂ ಕೂಟದಿಂದ ಹೊರಗೆ ಹಾಕಲಿಲ್ಲ, ಅವಳ ವಚನ ನಮ್ಮವರೆಗೆ ಬಂದಿದೆ. ವ್ಯಕ್ತಿಯ ಹಕ್ಕು ಅನ್ನೋದೆಲ್ಲ ಹಡಗಿನಲ್ಲಿ ಬಂದ ಸರಕು ಎನ್ನುವವರಿಗೆ ನಾನು ಇಷ್ಟೇ ಹೇಳೋದು.

ಇನ್ನು ಎಲ್ಲಕ್ಕಿಂತ ದೊಡ್ಡ ಗುಂಪು ಒಂದಿದೆ, ದೇಶ. 1985ರ ಜುಲೈನಲ್ಲಿ ಕೇರಳದಲ್ಲಿ ಮೂವರು ಒಡಹುಟ್ಟಿದ ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದರು. ಯೆಹೋವನ ಸಾಕ್ಷಿಗಳು ಎಂಬ ಸಣ್ಣ ಪಂಥದವರು. ರಾಷ್ಟ್ರಗೀತೆ ಹಾಡುವಾಗ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಮರುವರ್ಷ ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ಸೇರಿಸಿಕೊಳ್ಳಿ ಎಂದಿತು. ಹಾಡಲೇಬೇಕು ಎಂಬ ಕಾನೂನು ಇಲ್ಲ, ನಿಂತದ್ದೇ ಗೌರವ. ಸಹನೆ ನಮ್ಮ ಪರಂಪರೆ, ಅದನ್ನು ತೆಳು ಮಾಡಬೇಡಿ ಎಂದು ನ್ಯಾ. ಚಿನ್ನಪ್ಪ ರೆಡ್ಡಿ ಬರೆದರು. ಆ ಮಕ್ಕಳ ನಂಬಿಕೆ ನನಗೆ ಅರ್ಥವಾಗೋದಿಲ್ಲ. ಅರ್ಥವಾಗಬೇಕು ಎಂಬ ಷರತ್ತೂ ಇಲ್ಲ.

ನಮ್ಮ ಕೆ.ಎಸ್. ಪುಟ್ಟಸ್ವಾಮಿಯವರದೂ ಇಂಥದೇ ಕಥೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಎಂಬತ್ತು ದಾಟಿದ ಮೇಲೆ 2012ರಲ್ಲಿ ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದರು. ಕೋಟ್ಯಂತರ ಬಡವರ ಅನ್ನದ ಮುಂದೆ ಖಾಸಗಿತನ ಎಂಥದ್ದು ಎಂಬ ಧಾಟಿಯಲ್ಲಿ ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತೂ ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಬಡವರಿಗೆ ಅನ್ನ ಸಾಕು, ಹಕ್ಕು ಬೇಡ ಎಂಬ ವಾದವನ್ನು ತಳ್ಳಿಹಾಕಿದರು. ಮರುವರ್ಷ ಆಧಾರ್ ಬಹುಮಟ್ಟಿಗೆ ಉಳಿಯಿತು, ಬ್ಯಾಂಕ್ ಖಾತೆಗೆ, ಮೊಬೈಲಿಗೆ ಕಡ್ಡಾಯ ಮಾಡಿದ್ದು ಬಿತ್ತು. ಪೂರ್ತಿ ಗೆಲುವಲ್ಲ. ಆದರೆ ಸರ್ಕಾರ ಇನ್ನು ಮುಂದೆ ಕಾರಣ ಹೇಳಬೇಕು. ಅದು ಸಣ್ಣದಲ್ಲ.

ಮತ್ತೆ ಬಹಿಷ್ಕಾರಕ್ಕೆ ಬರೋಣ. ಹೊರಗೆ ಹಾಕಿಸಿಕೊಂಡ ಆ ಕುಟುಂಬ ಹೇಗೆ ಬದುಕಿ ಉಳಿಯುತ್ತೆ? ಅಂಗಡಿ ಮುಚ್ಚಿದರೂ ನ್ಯಾಯಬೆಲೆ ಅಂಗಡಿ ಅಕ್ಕಿ ಕೊಡಲೇಬೇಕು. ಟಂಟಂ ನಿಲ್ಲಿಸದಿದ್ದರೂ ಸರ್ಕಾರಿ ಬಸ್ಸು ನಿಲ್ಲಿಸುತ್ತೆ. ಊರಿನ ಹೊಲದಲ್ಲಿ ಕೂಲಿ ಸಿಗದಿದ್ದರೆ ಉದ್ಯೋಗ ಖಾತ್ರಿ. ಮಗುವಿಗೆ ಅಂಗನವಾಡಿ. ಇವೆಲ್ಲ ನಾವೆಲ್ಲ ಸೇರಿ ತೆರಿಗೆ ಕೊಟ್ಟು ಕಟ್ಟಿದ್ದು. ಒಬ್ಬ ಮನುಷ್ಯ ಊರಿಗೆ ಇಲ್ಲ ಅನ್ನಬೇಕಾದರೆ ಊರಾಚೆ ಇಂಥದ್ದೊಂದು ಆಸರೆ ಬೇಕು. ವ್ಯಕ್ತಿಯ ಹಕ್ಕಿನ ಪರ ದೊಡ್ಡ ದನಿಯಲ್ಲಿ ಮಾತಾಡಿ, ಸರ್ಕಾರಿ ಶಾಲೆ, ರೇಷನ್, ಬಸ್ಸು ಎಲ್ಲ ದಂಡಖರ್ಚು ಅನ್ನುವವರನ್ನು ಕಂಡರೆ ನನಗೆ ಆಶ್ಚರ್ಯ. ಅವರಿಗೆ ಯಾವತ್ತೂ ಹಿಟ್ಟಿನ ಗಿರಣಿಯವನ ಹಂಗು ಬಿದ್ದಿರಲಿಕ್ಕಿಲ್ಲ.

ಪ್ರಶ್ನೋತ್ತರದಲ್ಲಿ ಎರಡನ್ನು ಇಲ್ಲಿ ಕೊಡುತ್ತೇನೆ.

ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ಊರಿನ ಪದ್ಧತಿಗೆಲ್ಲ ಕಾನೂನು ತಂದರೆ ಊರಲ್ಲಿ ಏನು ಉಳೀತದೆ?"

ಜಾತ್ರೆ ಉಳಿಯುತ್ತೆ. ಮುಯ್ಯಿ ಉಳಿಯುತ್ತೆ, ಮದುವೆಗೆ ಊರೆಲ್ಲ ಸೇರಿ ಅಡುಗೆ ಮಾಡೋದು ಉಳಿಯುತ್ತೆ. ಇವಕ್ಕೆ ಯಾವ ಕಾನೂನೂ ಅಡ್ಡ ಇಲ್ಲ. ಬರದಿದ್ದವನಿಗೆ ದಂಡ ಹಾಕೋದು ಮಾತ್ರ ಹೋಗಬೇಕು. ದಂಡ ಹೋದ ತಕ್ಷಣ ಜಾತ್ರೆಯೂ ನಿಂತುಹೋಗುತ್ತೆ ಅನ್ನೋದಾದರೆ, ಜನ ಅಷ್ಟು ದಿನ ಯಾಕೆ ಬರುತ್ತಿದ್ದರು ಅಂತ ಊರಿನ ಹಿರಿಯರೇ ಯೋಚಿಸಬೇಕು.

ಒಬ್ಬಳು ವಿದ್ಯಾರ್ಥಿನಿ ಚೀಟಿಯಲ್ಲಿ ಬರೆದು ಕಳಿಸಿದ್ದಳು: "ಊರು ಬಿಡಿ ಸರ್, ಮನೆಯಲ್ಲಿ? ಬೇರೆ ಜಾತಿಯವರನ್ನು ಮದುವೆ ಆಗಬೇಕಾದರೆ ಕಾನೂನು ನಮ್ಮ ಕಡೆ ಇದೆಯಾ?"

ಇದೆ, ಆದರೆ ಪೂರ್ತಿ ಇಲ್ಲ. ಖಾಪ್ ಪಂಚಾಯಿತಿಗಳ, ಅಂದರೆ ಉತ್ತರ ಭಾರತದ ಕುಲದ ಪಂಚಾಯಿತಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಹೇಳಿದೆ: ಇಬ್ಬರು ವಯಸ್ಕರು ಒಪ್ಪಿದ ಮೇಲೆ ಮನೆಯ, ಕುಲದ, ಸಮುದಾಯದ ಒಪ್ಪಿಗೆ ಬೇಕಿಲ್ಲ. ಆದರೆ 1954ರ ವಿಶೇಷ ವಿವಾಹ ಕಾಯಿದೆಯಲ್ಲಿ ಮದುವೆ ಆಗಬೇಕಾದರೆ ಮೂವತ್ತು ದಿನ ಮೊದಲೇ ನೋಟಿಸ್ ಕೊಡಬೇಕು. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ, ಹೆಸರು ವಿಳಾಸದ ಸಮೇತ. ಹಿಂದೂ ವಿವಾಹ ಕಾಯಿದೆಯಲ್ಲಿ ಮದುವೆಯಾಗುವವರಿಗೆ ಇಂಥ ನೋಟಿಸ್ ಇಲ್ಲ. ಓಡಿಬಂದವರ ವಿಳಾಸವನ್ನು ಹುಡುಕುತ್ತಿರುವವರಿಗೆ ಸರ್ಕಾರವೇ ತೋರಿಸಿದ ಹಾಗಾಯಿತು, ಅಲ್ವಾ? 2021ರಲ್ಲಿ ಅಲಹಾಬಾದ್ ಹೈಕೋರ್ಟ್ ಜೋಡಿ ಕೇಳಿದರೆ ಮಾತ್ರ ನೋಟಿಸ್ ಪ್ರಕಟಿಸಿ ಎಂದಿತು. ಕಾಯಿದೆಯಲ್ಲಿ ಆ ಕಲಂ ಇದ್ದೇ ಇದೆ. ಅದು ಹೋಗಬೇಕು ಅನ್ನೋದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ಇಷ್ಟು ತಿಳಿದಿರಿ. ಆ ಮೂವತ್ತು ದಿನದಲ್ಲಿ ಯಾರು ಬೇಕಾದರೂ ತಕರಾರು ಹಾಕಬಹುದು, ಆದರೆ ಕಾರಣಗಳು ಬೆರಳೆಣಿಕೆಯಷ್ಟು: ವಯಸ್ಸು ಆಗಿಲ್ಲ, ಮೊದಲ ಮದುವೆ ಇನ್ನೂ ಇದೆ, ಒಪ್ಪಿಗೆ ಕೊಡುವ ಮಾನಸಿಕ ಸ್ಥಿತಿ ಇಲ್ಲ, ನಿಷಿದ್ಧ ಸಂಬಂಧ. ಜಾತಿ ಬೇರೆ ಅನ್ನೋದು ಆ ಪಟ್ಟಿಯಲ್ಲಿ ಇಲ್ಲ. ಕಚೇರಿಯಲ್ಲಿ ಯಾರಾದರೂ ಅಪ್ಪ ಅಮ್ಮನ ಸಹಿ ತಗೊಂಡು ಬನ್ನಿ ಅಂದರೆ, ಅದು ಯಾವ ಕಲಂನಲ್ಲಿದೆ ಎಂದು ಬರೆದು ಕೊಡಲು ಕೇಳಿ.